ಹಪ್ಪಳದ ಪಾರ್ಸಲ್ ಕಟ್ಟುವವರು ಯಾರು

ಮಾರ್ಚ್ 9, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ 6.40. ಹಿತ್ತಲಲ್ಲಿ ಅತ್ತಿಗೆ ಹಾಡಿಕೊಂಡು ಕೆಲಸ ಮಾಡುತ್ತಿದ್ದಾಳೆ. ಹಾಡಬೇಕಾದ ಕಾರಣ ಅವಳಿಗಿದೆ.

ಅಜ್ಜಂಪುರದ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆ ಅಮ್ಮ ಉದ್ದಿನ ಹಪ್ಪಳ ಮಾಡಿ ನೆಂಟರಿಗೆಲ್ಲ ಕಳಿಸುತ್ತಾರೆ. ಅದನ್ನು ಕಟ್ಟುವ ಕೆಲಸ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನನ್ನದು. ಯಾರ ಮನೆಗೆ ಎಷ್ಟು ಹೋಯಿತು, ಎಷ್ಟು ಮುರಿಯಿತು ಎಂದು ಬರೆದಿಡುವುದೂ ನಾನೇ. “ಹಪ್ಪಳ ನನ್ದು, ಪಾರ್ಸಲ್ ನನ್ ಮಗಳ್ದು” ಎಂದು ಅಮ್ಮ ಫೋನಿನಲ್ಲಿ ಹೇಳುವುದನ್ನು ಕೇಳಲೆಂದೇ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಈ ವರ್ಷ ಅಮ್ಮ ಹಪ್ಪಳಕ್ಕೆ ಸುತ್ತುತ್ತಿದ್ದ ಗುಳ್ಳೆ ಪ್ಲಾಸ್ಟಿಕ್ ಬೇಡವೆಂದರು. ಕಡೂರಿನಲ್ಲಿ ಚಿಕ್ಕಮ್ಮನ ಮನೆಯ ಹಿಂದೆ ಬಿದ್ದಿದ್ದ ನಮ್ಮ ಪಾರ್ಸಲಿನ ಪ್ಲಾಸ್ಟಿಕ್ಕನ್ನೇ ಒಂದು ಕರು ಅಗಿಯುತ್ತಿದ್ದುದನ್ನು ಅವರು ನೋಡಿದ್ದರು. ನಾನು ರಾಗಿ ಹುಲ್ಲು ಮತ್ತು ಹಳೆ ಪೇಪರ್ ಎಂದೆ. ಅಷ್ಟರಲ್ಲಿ ಅತ್ತಿಗೆ ಬಾಯಿ ಹಾಕಿದಳು. ಅಣ್ಣನನ್ನು ಮದುವೆಯಾಗಿ ಹೋದ ವರ್ಷ ಬಂದವಳು. ತವರು ಅಮೃತಾಪುರದ ಹತ್ತಿರ. ನನಗಿಂತ ಎರಡೇ ತಿಂಗಳು ದೊಡ್ಡವಳು.

“ಅಡಿಕೆ ಹಾಳೇಲಿ ಕಟ್ಟಣ ಅತ್ತೆ. ನಮ್ಮೂರಲ್ಲಿ ಬಿದ್ದು ಕೊಳೀತಾ ಇರ್ತವೆ.”

“ಹಂಗಾದ್ರೆ ಇಬ್ರೂ ಒಂದೊಂದ್ ಕಟ್ರೇ,” ಎಂದರು ಅಮ್ಮ. “ಯಾರ್ದು ಸರಿಯಾಗ್ ಹೋಯ್ತದೋ, ಈ ವರ್ಷದ ಪಾರ್ಸಲ್ಲೆಲ್ಲಾ ಅವರ್ದೇ.”

ಫೆಬ್ರವರಿ 16ರಂದು ಎರಡು ಪಾರ್ಸಲ್‌ಗಳೂ ಒಂದೇ ಬಸ್ಸಿನಲ್ಲಿ ಕಡೂರಿಗೆ ಹೋದವು. ನನ್ನದರಲ್ಲಿ ಇಪ್ಪತ್ತಕ್ಕೆ ನಾಲ್ಕು ಮುರಿದಿದ್ದವು. ಅವಳದರಲ್ಲಿ ಒಂದೂ ಇಲ್ಲ. ಅದೂ ಹೋಗಲಿ, ಚಿಕ್ಕಮ್ಮ ಅವಳ ಹಾಳೆಯ ಪೆಟ್ಟಿಗೆಯನ್ನು ತೊಳೆದು ಬೆಳ್ಳುಳ್ಳಿ ಹಾಕಿಟ್ಟುಕೊಂಡರಂತೆ. ನನ್ನ ಹುಲ್ಲು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಆ ದಿನ ಊಟದಲ್ಲಿ ಅಮ್ಮ ಮೊದಲು ಅವಳ ತಟ್ಟೆಗೆ ತುಪ್ಪ ಬಡಿಸಿದರು. ನಾನು ನೋಡಿದೆ.

ಇನ್ನೊಂದು ಅವಕಾಶ ಕೊಡಿ ಎಂದು ಹಠ ಮಾಡಿದೆ. ಅಮ್ಮ ಒಪ್ಪಿದರು. ಅವಳ ವಿದ್ಯೆ ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆ. ಮೊದಲ ಪಾರ್ಸಲ್ಲಿಗೆ ಮುಂಚೆ, ನಾನು ತರೀಕೆರೆಗೆ ಕಂಪ್ಯೂಟರ್ ಕ್ಲಾಸಿಗೆ ಹೊರಟ ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಹಾಳೆಗಳನ್ನು ನೀರಿಗೆ ಹಾಕಿ ಮೆತ್ತಗೆ ಮಾಡಿ ಮಡಿಸುತ್ತಿದ್ದುದನ್ನು ನೋಡಿದ್ದೆ. ಅಷ್ಟೇ ತಾನೇ? ಅವಳು ತವರಿಗೆ ಹೋದ ಶನಿವಾರ, ಉಳಿದಿದ್ದ ಹಾಳೆಗಳನ್ನು ನೆನೆಸಿದೆ. ಬಟ್ಟೆಯಿಂದ ಒರೆಸಿ, ಒಳಗೊಂದು ಪೇಪರ್ ಹಾಸಿ ಹಪ್ಪಳ ಜೋಡಿಸಿದೆ. ಬಾಳೆ ನಾರಿನಿಂದ ಬಿಗಿಯಾಗಿ ಕಟ್ಟಿದೆ. ಅವಳದಕ್ಕಿಂತ ಅಂದವಾಗಿತ್ತು. ಭಾನುವಾರ ಕಂಡಕ್ಟರ್ ಅದನ್ನು ಮುಂದೆ, ಡ್ರೈವರ್ ಪಕ್ಕ, ಇಂಜಿನ್ ಮುಚ್ಚಳದ ಮೇಲೆ ಇಟ್ಟುಕೊಂಡರು. ಭದ್ರವಾದ ಜಾಗ ಎಂದು ಖುಷಿಪಟ್ಟೆ.

ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿದರು. ತವರಿಂದ ಆಗಷ್ಟೇ ಬಂದ ಅತ್ತಿಗೆಯೂ ಅಲ್ಲೇ ನಿಂತಿದ್ದಳು.

“ಅಕ್ಕಾ, ಇದೇನ್ ಹಪ್ಪಳಾನೋ, ಉಂಡೆ ಸಂಡಿಗೇನೋ?”

“ಯಾಕೇ, ಏನಾಯ್ತೇ?”

“ಹಾಳೆ ಮುದುರ್ಕಂಡು ಸುರುಳಿ ಆಗ್ಬಿಟ್ಟೈತೆ. ನಡುವಿನವು ಪುಡಿಪುಡಿ. ಮಿಕ್ಕವು ತೇವ ಕುಡ್ದು ಒಂದಕ್ಕೊಂದು ಅಂಟ್ಕಂಡವೆ. ಸೊಸೆ ಯಾಕ್ ಹಿಂಗ್ ಮಾಡಿದ್ಲು?”

“ಸೊಸೆ ಅಲ್ಲ ಕಣೇ, ಮಗಳು.”

ಇಪ್ಪತ್ತರಲ್ಲಿ ಎರಡು ಉಳಿದಿದ್ದವು. ಹಸಿ ಹಾಳೆ ಇಂಜಿನ್ನಿನ ಕಾವಿಗೆ ಒಣಗಿ, ಸೆಟೆದು, ಹಪ್ಪಳವನ್ನು ಹಿಂಡಿಬಿಟ್ಟಿತ್ತು.

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ನೆನ್ಸಿದ್ ಮಾತ್ರ ನೋಡಿದ್ಯೇನೇ? ನೆನ್ಸಿದ್ ಮೇಲೆ ಖಾಲಿ ಬಿಸ್ಕತ್ ಡಬ್ಬಕ್ಕೆ ಸುತ್ತಿ ಕಟ್ಟಿ, ಎರಡು ದಿನ ನೆರಳಲ್ಲಿ ಒಣಗ್ಸಿದ್ದೆ. ಅದು ಡಬ್ಬದ ಆಕಾರಕ್ಕೆ ಗಟ್ಟಿಯಾದ್ಮೇಲೆ ಡಬ್ಬ ತೆಗ್ದು ಹಪ್ಪಳ ಹಾಕೋದು. ಕೇಳಿದ್ರೆ ಹೇಳ್ತಿರ್ಲಿಲ್ವಾ?”

ನಿನ್ನನ್ನು ಕೇಳಬಾರದೆಂದೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು! ಲೆಕ್ಕದ ಪುಸ್ತಕ ತೆಗೆದು ‘ಹದಿನೆಂಟು ಹಾಳು’ ಎಂದು ಬರೆದುಕೊಂಡೆ.

ಈ ವರ್ಷದ ಪಾರ್ಸಲ್ಲೆಲ್ಲ ಅವಳದಾಯಿತು. ಅಮ್ಮ ನನಗೆ ವಿಳಾಸ ಬರೆಯುವ ಕೆಲಸ ಕೊಟ್ಟರು, “ನಿನ್ ಅಕ್ಷರ ಮುತ್ತಿನಂಗೈತೆ” ಎಂದು ಬೆನ್ನು ಸವರಿದರು. ಮಗುವಿನ ಕೈಯಿಂದ ಚಾಕು ಕಿತ್ತುಕೊಂಡು ಚಮಚ ಕೊಡುವಾಗ ಮಾತಾಡಿಸುವ ದನಿ ಅದು. ನಿನ್ನೆ ಚೌಳಹಿರಿಯೂರಿನ ಸೋದರಮಾವನ ವಿಳಾಸ ಬರೆದೆ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ. ಒಂದು ಚೂರಾದರೂ ಸದ್ದು ಮಾಡಬಾರದಿತ್ತೇ? ಇಲ್ಲ.

ತೆಂಗಿನ ನಾರನ್ನು ಮನೆಯಲ್ಲೇ ಪರೀಕ್ಷಿಸಿದ್ದೇನೆ. ಅದರ ಧೂಳು ಹಪ್ಪಳಕ್ಕೆ ಅಂಟುತ್ತದೆ. ಕಡಲೆಕಾಯಿ ಸಿಪ್ಪೆಯನ್ನು ಬಟ್ಟೆ ಚೀಲಕ್ಕೆ ತುಂಬಿ ಸುತ್ತಲೂ ಇಟ್ಟರೆ ಪರವಾಗಿಲ್ಲ, ಆದರೆ ಎರಡನೇ ದಿನ ಇರುವೆ ಬಂದವು. ಪ್ಲಾಸ್ಟಿಕ್ಕಿಲ್ಲದೆ, ಹಾಳೆಯೂ ಇಲ್ಲದೆ ಹಪ್ಪಳ ಮುರಿಯದಂತೆ ಕಳಿಸುವ ದಾರಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮುಂದಿನ ಬೇಸಿಗೆಯೊಳಗೆ ತಿಳಿದರೆ ಸಾಕು. ಲಕೋಟೆಯ ಮೇಲೆ “ಮಗಳಿಗೆ” ಎಂದು ಬರೆಯಿರಿ. ನಮ್ಮ ಮನೆಗೆ ಬರುವ ಟಪಾಲನ್ನು ಮೊದಲು ಒಡೆಯುವವಳು ಅತ್ತಿಗೆ.