ಹೊಗೆ ಏಳದ ಬೆಳಗು

ಒಲೆಯೊಳಗೆ ಅಂಗೈ ಇಟ್ಟು ನೋಡಿದೆ. ರಾತ್ರಿಯ ಬೂದಿ ಪೂರ್ತಿ ತಣ್ಣಗಾಗಿತ್ತು. ಕೆಂಡವಿರಲಿಲ್ಲ. ಕಡ್ಡಿಪೆಟ್ಟಿಗೆ ತೆಗೆದುಕೊಂಡೆ.

ಅದು ಯುದ್ಧದ ಕಾಲ, ನಾನು ಬಿ.ಎ. ಮುಗಿಸಿದ ವರ್ಷದ ಮಳೆಗಾಲ. ಅಕ್ಕನ ಗಂಡನ ಮನೆ ಧುಪದಾಳದ ಮೇಲ್ಭಾಗದಲ್ಲಿ, ಘಟಪ್ರಭೆಯ ನಡುಗಡ್ಡೆಯಲ್ಲಿತ್ತು. ನಮಗೆ ತಾಯಿಯಿಲ್ಲದ್ದರಿಂದ ಹೆರಿಗೆ ಅಲ್ಲಿಯೇ ಎಂದಾಗಿತ್ತು; ನಾನು ಜೊತೆಗೆ ಹೋಗಿದ್ದೆ. ಹಿಂದೆ ಆ ಗಡ್ಡೆಯಲ್ಲಿ ಒಂದು ಓಣಿಯಷ್ಟು ಮನೆಗಳಿದ್ದವಂತೆ. ಒಂದೊಂದು ನೆರೆಗೆ ಒಂದೊಂದು ಮನೆ ದಂಡೆಗೆ ಹೋಗಿ, ಉಳಿದದ್ದು ಇದೊಂದೇ.

ಹಿಂದಿನ ದಿನ ಭಾವ ಎತ್ತುಗಳನ್ನು ದಂಡೆಗೆ ದಾಟಿಸಿ ಅಲ್ಲಿಯೇ ಉಳಿದಿದ್ದರು. ಬೆಳಗಾಗುವಷ್ಟರಲ್ಲಿ ಹೊಳೆ ಹಿತ್ತಲಿಗೆ ಬಂದಿತ್ತು. ಅಕ್ಕನಿಗೆ ಬೇನೆ ಶುರುವಾಗಿತ್ತು. ಚಳಿಗೆ ನಡುಗುತ್ತ ಬಿಸಿನೀರು ಕೇಳಿದಳು.

ಅವಳ ಅತ್ತೆ ನೀಲವ್ವ ನನ್ನ ಕೈ ಹಿಡಿದರು. “ಕಡ್ಡಿ ಗೀರಬ್ಯಾಡವಾ! ಹೊಗಿ ಎದ್ರ ಎಲ್ಲಾ ಬರೋಬರಿ ಐತಿ ಅಂತ ತಿಳೀತಾರ. ಹರಗೋಲ ಬಿಡೂದಿಲ್ಲ.”

ಗಡ್ಡೆಯ ರೂಢಿಯೇ ಅದು. ಬೆಳಿಗ್ಗೆ ಹೊಗೆ ಏಳದ ಮನೆಗೆ ದಂಡೆಯಿಂದ ಹರಗೋಲು ಬರಬೇಕು.

“ಸೀರಿ ಬೀಸಿದ್ರ?”

“ಅರಿವಿ ಒಣಗಸಾಕತ್ತಾರ ಅಂತಾರ.”

“ಮಂಜು ಐತಲ್ರೀ ಆಯಿ, ಹೊಗಿ ಇಲ್ಲದ್ದು ಅವರಿಗೆ ಹೆಂಗ ಕಾಣಬೇಕು?”

ನೀಲವ್ವ ಕೌದಿಯೊಳಗೆ ಸೊಸೆಯನ್ನು ಅಪ್ಪಿಕೊಂಡು ಕುಳಿತರು. ನಾನು ಅವಳ ಪಾದ ತಿಕ್ಕುತ್ತಿದ್ದೆ. ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ. ನೀರು ಹಿತ್ತಲ ಮೆಟ್ಟಿಲೇರಿತು. ಬೆಂಕಿ ಹಚ್ಚಿದರೆ ಯಾರೂ ಬರುವುದಿಲ್ಲ, ಹಚ್ಚದಿದ್ದರೆ ಇವಳು ತಡೆಯುವಳೋ ಇಲ್ಲವೋ. ಕಡ್ಡಿಪೆಟ್ಟಿಗೆ ನನ್ನ ಮುಷ್ಟಿಯಲ್ಲೇ ಇತ್ತು.

“ಅಂಜಬ್ಯಾಡ,” ಎಂದು ನೀಲವ್ವ ಸೊಸೆಯ ಕಿವಿಯಲ್ಲಿ ಹೇಳಿದರು. “ಹೊಗಿ ಕಾಣ್ಲಿಲ್ಲಂದ್ರ ನನ್ನ ಮಗಗ ಮೊದಲ ರೊಟ್ಟಿ ಚಿಂತಿ, ಆಮ್ಯಾಲ ಹೇಣ್ತಿದು. ಹೆಂಗಿದ್ರೂ ಬರ್ತಾನ.”

ಅಕ್ಕ ಅಳುತ್ತಲೇ ನಕ್ಕಳು.

ಕೊನೆಗೂ ಮಂಜು ಸರಿಯಿತು. ಕೆಂಪು ನೀರಿನಲ್ಲಿ ಗಿರಗಿರ ತಿರುಗುತ್ತ ಹರಗೋಲು ಬಂತು. ಭಾವ ಎದೆಮಟ್ಟದ ನೀರಿಗೆ ಜಿಗಿದು, “ಯವ್ವಾ, ಯಾಕ ಒಲಿ ಹೊತ್ತಿಲ್ಲ?” ಎಂದು ಕೂಗಿದರು. ನಮ್ಮನ್ನು ಹತ್ತಿಸಿಕೊಂಡು ಅಂಬಿಗ ಹುಟ್ಟು ಹಾಕುವಾಗ ಅಕ್ಕನ ಉಗುರುಗಳು ನನ್ನ ಮಣಿಕಟ್ಟಿನಲ್ಲಿ ನೆಟ್ಟಿದ್ದವು. ಸಂಜೆ ಅಂಬಿಗನ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ನೀಲವ್ವ ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡು, “ಸಾಕು. ಇನ್ನ ಗಡ್ಡಿಗೆ ಹೋಗೂದು ಬ್ಯಾಡ” ಎಂದರು.



ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ದಂಡೆಗೆ ಹೋದೆ. ಗಡ್ಡೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಹೊಗೆ ಏಳುತ್ತದೆಯೇ ಎಂದು ನೋಡುತ್ತ ನಿಂತೆ. ಆಮೇಲೆ ಒಳಗೆ ಬಂದು, ಅಕ್ಕನಿಗೆ ನೀರು ಕಾಯಿಸಲು ಒಲೆ ಹೊತ್ತಿಸಿದೆ.