ಗೋಡೆಯಾಚೆಯ ರೇಡಿಯೊ

ಪಟ್ಟಂದೂರು ಅಗ್ರಹಾರದ ವಠಾರಕ್ಕೆ ಬಾಡಿಗೆಗೆ ಬಂದ ಮಲ್ಲಿಕ್, ಪಕ್ಕದ ಮನೆಯವರು ದಿನಾ ರೇಡಿಯೊ ಹಾಕುತ್ತಾರೆಂದು ಒಂದು ತಿಂಗಳು ನಂಬಿದ್ದ. ಸಂಜೆ ಏಳಾದರೆ ಗೋಡೆಯಾಚೆಯಿಂದ ಮಗುವಿನ ದನಿಯಲ್ಲಿ ಕಥೆ: ಟಿಕೆಟಿಲ್ಲದೆ ಬಸ್ಸು ಹತ್ತಿದ ಎಮ್ಮೆ, ಕಂಡಕ್ಟರನ ಸಿಟ್ಟು, ಎಮ್ಮೆಯ ಎದುರುತ್ತರ. ಒಂದು ಸಂಜೆ ಕಥೆ ಅರ್ಧಕ್ಕೇ ನಿಂತಿತು. ತಡೆಯಲಾರದೆ ಹೋಗಿ ಬಾಗಿಲು ತಟ್ಟಿದ.

“ಅಕ್ಕ, ಇದು ಯಾವ ಸ್ಟೇಷನ್ನು? ಫೋನಲ್ಲಿ ಹುಡುಕಿದೆ, ಸಿಗ್ಲಿಲ್ಲ.”

ಬಾಗಿಲು ತೆರೆದ ಮರೆವ್ವ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಒಳಗಿದ್ದ ಒಂಬತ್ತು ವರ್ಷದ ಮಗಳು ಭುವನೇಶ್ವರಿಯನ್ನು ತೋರಿಸಿದಳು. “ಸ್ಟೇಷನ್ನು ನೀರು ಕುಡಿಯಾಕತ್ತದ ತಮ್ಮ. ಒಳಗ ಬಾ, ಚಾಲೂ ಆಗ್ತದ.”

ಇಂಥ ಬುದ್ಧಿವಂತನಿಗೂ ಐಟಿ ಪಾರ್ಕಿನ ಕಂಪನಿಯೊಂದು ಸಂಬಳ ಕೊಡುತ್ತಿತ್ತು. ಅವನ ಕೆಲಸ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು.

ಮರೆವ್ವನೂ ಅದೇ ಪಾರ್ಕಿನಲ್ಲಿ ಹೌಸ್‌ಕೀಪಿಂಗ್. ಸುರಪುರದ ಕಡೆಯವಳು. ಗಂಡ ಯಂಕಪ್ಪ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡದ ಕೆಲಸದಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದ. ಹಗಲೆಲ್ಲ ಟಾಯ್ಲೆಟ್ ತೊಳೆದು ಬಂದವಳು ಫಿನಾಯಿಲ್ ವಾಸನೆ ಹೋಗಲೆಂದು ಕೈಗೆ ನಿಂಬೆ ಸಿಪ್ಪೆ ತಿಕ್ಕಿಕೊಳ್ಳುವಳು. ಜೋಳದ ಹಿಟ್ಟು ಜರಡಿ ಹಿಡಿದಿಡುವಳು. ಆದರೆ ರೊಟ್ಟಿ ಬಡಿಯಳು. ಬಡಿದರೆ ಆ ಸದ್ದಿಗೆ ಭುವನೇಶ್ವರಿಯ ಓದು ಕೆಡುತ್ತದೆ. ಮಗಳು ಪುಸ್ತಕ ಮುಚ್ಚುವ ತನಕ ಕಾಲು ಚಾಚಿ ಕೂತು ಕೇಳುವಳು. “ನಮ್ಮ ಮನಿಯಾಗ ಓದಾಕಿ ಅಂದ್ರ ಈಕಿ ಒಬ್ಬಾಕಿನೇ” ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳುವಳು. ಆಗ ಹುಡುಗಿಯ ಬೆನ್ನು ನೆಟ್ಟಗಾಗುತ್ತಿತ್ತು. ಶಾಲೆಯಲ್ಲಿ ಅದೇ ಹುಡುಗಿಗೆ ಕೊನೆಯ ಬೆಂಚು, ‘ಟ್ಯೂಬ್‌ಲೈಟ್’ ಎಂಬ ಹೆಸರು.

ಮಲ್ಲಿಕ್ ದಿನಾ ಬಂದು ಕೂರತೊಡಗಿದ. ಕಥೆ ಮುಗಿದರೆ ಬಿಸಿ ರೊಟ್ಟಿಯೂ ಸಿಗುತ್ತಿತ್ತಲ್ಲ. ಮೂರನೆಯ ವಾರ ಹತ್ತಿರ ಸರಿದು ಪುಸ್ತಕದೊಳಗೆ ಇಣುಕಿದ. ಪುಟದಲ್ಲಿದ್ದದ್ದು ಬೇರು, ಕಾಂಡ, ಎಲೆಗಳ ಚಿತ್ರ. ಸಾಲಿನ ಮೇಲೆ ಬೆರಳಾಡಿಸುತ್ತಾ ಅವಳು ಓದುತ್ತಿದ್ದದ್ದು ಎಮ್ಮೆಯನ್ನು.

“ಪುಟ ತಪ್ಪಿದೀಯಲ್ಲ ಪುಟ್ಟಿ. ಇದು ಗಿಡದ ಪಾಠ” ಎಂದು ನಕ್ಕ.

ಬೆರಳು ನಿಂತಿತು. ಅಲ್ಲಿಗಾದರೂ ಬಿಡಬಹುದಿತ್ತು. ತಪ್ಪು ಸಿಕ್ಕ ಮೇಲೆ ಬಿಟ್ಟು ಗೊತ್ತಿಲ್ಲದವನು, “ಎಲ್ಲಿ, ಇದೊಂದು ಸಾಲು ಓದು ನೋಡಾಣ” ಎಂದ.

ಭುವನೇಶ್ವರಿ ಸಾಲನ್ನು ನೋಡಲಿಲ್ಲ, ಅವ್ವನ ಮುಖ ನೋಡಿದಳು. “ಹೊಟ್ಟಿ ನೋಯ್ತದ” ಎಂದು ಪುಸ್ತಕವನ್ನು ಚೀಲಕ್ಕೆ ತುರುಕಿ, ಗೋಡೆಗೆ ಮುಖ ಮಾಡಿ ಮಲಗಿದಳು. ಮರೆವ್ವ ಎದ್ದು ಒಲೆ ಹಚ್ಚಿದಳು.

ಮರುದಿನದಿಂದ ಏಳು ಗಂಟೆಗೆ ಗೋಡೆಯಾಚೆ ಬರೀ ರೊಟ್ಟಿ ಬಡಿಯುವ ಸದ್ದು.

ಕೆಲವು ಮಕ್ಕಳಿಗೆ ಅಕ್ಷರ ಹಿಡಿತಕ್ಕೆ ಸಿಗುವುದಿಲ್ಲ, ಅದು ದಡ್ಡತನವಲ್ಲ ಎಂದು ಮಲ್ಲಿಕ್ ಫೋನಿನಲ್ಲಿ ಓದಿ ತಿಳಿದುಕೊಂಡ. ತಿಳಿಯುವ ಹೊತ್ತಿಗೆ ವಾರ ಕಳೆದಿತ್ತು. ಕಾಡುಗೋಡಿಗೆ ಹೋಗಿ ಬಣ್ಣದ ಚಿತ್ರಗಳ ಪುಸ್ತಕ ತಂದು ಕೊಟ್ಟ. ಹುಡುಗಿ ಎರಡೂ ಕೈಯಲ್ಲಿ ಇಸಿದುಕೊಂಡು, ಹಾಗೇ ವಾಪಸು ಕೊಟ್ಟಳು.

“ಬ್ಯಾಡಣ್ಣ. ನನಗ ಓದಾಕ ಬರಂಗಿಲ್ಲ.”

ಯಾರೋ ಹೆಸರು ಕೇಳಿದಾಗ ಹೆಸರು ಹೇಳುವಂತೆ ಹೇಳಿದಳು.

“ಓದೋದು ಬೇಡ ಬಿಡು. ಆ ಎಮ್ಮೆ ಬಸ್ಸಿಂದ ಇಳೀತಾ?”

“ಅದು ಸುಳ್ಳು ಕಥಿ.”

ಮಾರನೆಯ ಬೆಳಿಗ್ಗೆ ನಲ್ಲಿಯ ಬಳಿ ಮರೆವ್ವ ಒಬ್ಬಳೇ ಕೊಡ ತುಂಬಿಸುತ್ತಿದ್ದಳು. ಮಲ್ಲಿಕ್ ಖಾಲಿ ಬಕೆಟ್ ಹಿಡಿದು ಬಂದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ. “ಅಕ್ಕ, ಅವಳು ಓದ್ತಾ ಇರಲಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

ಮರೆವ್ವ ಕೊಡವನ್ನು ಸೊಂಟಕ್ಕೇರಿಸಿದಳು.

“ಗೊತ್ತಿತ್ತು. ನನಗ ಅಕ್ಷರ ಬರಂಗಿಲ್ಲ, ಕಣ್ಣು ಕಾಣಸ್ತಾವ. ಆಕಿ ಮತ್ತ ಬಾಯಿ ಬಿಡೂತನ ನೀ ನಮ್ಮ ಬಾಗಿಲಿಗಿ ಬರಬ್ಯಾಡ.”