ಪೆರ್ಲದ ಗುಡ್ಡೆಯಲ್ಲಿ ಬಿದ್ದ ಹಿಮ

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ವಯಸ್ಸಾದ ಹಾಗೆ ಎಲ್ಲವನ್ನೂ ಕ್ಷಮಿಸಬೇಕಂತೆ. ಹೇಳುವವರು ಹೇಳಲಿ, ನನ್ನಿಂದಾಗದು.

ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಲ. ನಾನು ಪೈವಳಿಕೆಯ ಶಾಲೆಯಲ್ಲಿ ಟೀಚರ್. ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ನನಗೊಂದು ಗಾಜಿನ ಪ್ಲೇಟಿನ ಕ್ಯಾಮೆರಾ ತಂದುಕೊಟ್ಟಿದ್ದ. ಹಾರ್ಮೋನಿಯಂ ತಿದಿಯಂಥ ಅದರ ಮಡಿಕೆಯ ಕೊಳವೆಯನ್ನು ಪೂರ್ತಿ ಎಳೆದರೆ ಗೇಣು ದೂರದ ಹುಲ್ಲಿನೆಸಳು ಕೂಡ ಬೆರಳಿನಷ್ಟು ದಪ್ಪ ಕಾಣುತ್ತಿತ್ತು. ಧನು ತಿಂಗಳಿಡೀ ಬೆಳಿಗ್ಗೆ ಗದ್ದೆಯಂಚಿನ ಹುಣಿಯಲ್ಲಿ ಮೊಣಕಾಲೂರಿ, ತಲೆಗೆ ಕರಿಬಟ್ಟೆ ಹೊದ್ದು, ಉಸಿರು ಬಿಗಿಹಿಡಿದು ಕೂತೆ. ಟೀಚರಿಗೆ ಮರುಳು ಹಿಡಿದಿದೆ ಎಂದು ಊರೆಲ್ಲ ಆಡಿಕೊಂಡಿತು. ಕೊನೆಗೆ ಗಾಳಿಯೇ ಇಲ್ಲದ ಒಂದು ದಿನ ಹುಲ್ಲಿನ ತುದಿಯ ಐದು ಇಬ್ಬನಿ ಹನಿ ಕ್ಯಾಮೆರಾಕ್ಕೆ ಸಿಕ್ಕಿದವು. ಪ್ರತಿ ಹನಿಯೊಳಗೂ ಎದುರಿನ ಗುಡ್ಡೆ ತಲೆಕೆಳಗಾಗಿ ನಿಂತಿತ್ತು.

ಪ್ಲೇಟು ತೊಳೆದು ಚಿತ್ರ ಮೂಡಿಸುವ ಕತ್ತಲೆಕೋಣೆ ನನ್ನಲ್ಲಿರಲಿಲ್ಲ. ಕಾಸರಗೋಡು ಪೇಟೆಯ ಒಬ್ಬ ಸ್ಟುಡಿಯೋದವನಿಗೆ ಕೊಟ್ಟೆ. ತೊಳೆಯುವಾಗ ಒಡೆದುಹೋಯಿತೆಂದು ಮುಖ ಸಣ್ಣ ಮಾಡಿ ಹೇಳಿದ. ಎರಡು ದಿನ ಅತ್ತೆ. ಆ ವರ್ಷ ಪೇಟೆಯ ಫೋಟೋ ಪ್ರದರ್ಶನಕ್ಕೆ ಹೋದರೆ, ನನ್ನ ಐದು ಹನಿಗಳು ಬಾಗಿಲಿನಷ್ಟು ದೊಡ್ಡದಾಗಿ ಗೋಡೆಯಲ್ಲಿವೆ! ಕೆಳಗೆ ಅವನ ಹೆಸರು. ಮೊದಲ ಬಹುಮಾನವೂ ಅವನಿಗೇ.

ಅಂಗಡಿಗೆ ಹೋಗಿ ಕೇಳಿದೆ. ಅವನು ಎಲೆಯಡಿಕೆ ಜಗಿಯುತ್ತ, "ಪ್ಲೇಟು ನನ್ನಲ್ಲಿ ಉಂಟು ಟೀಚರೇ. ನಿಮ್ಮಲ್ಲಿ ಎಂತ ಉಂಟು?" ಎಂದ.

ನನ್ನಲ್ಲಿ ಎಂತ ಉಂಟು ಎಂದು ತೋರಿಸಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷವಿಡೀ ನಾನು ತಿಂದ ಅನ್ನ ಮೈಗೆ ಹತ್ತಲಿಲ್ಲ. ಒಂದು ಸಂಜೆ ದೇವರ ಕೋಣೆಯಲ್ಲಿ ಕರ್ಪೂರದ ಡಬ್ಬಿ ತೆರೆದಾಗ, ಮುಚ್ಚಳದ ಒಳಗೆ ಬಿಳಿ ಹರಳು ಕಟ್ಟಿದ್ದು ಕಂಡಿತು. ಅಲ್ಲೇ ಉಪಾಯ ಹೊಳೆಯಿತು. ತುಂಬೆಗಿಡ ಕಿತ್ತು ತಂದು, ಕೆಳಗೆ ಬಿಸಿಬೂದಿಯ ಮೇಲೆ ಕರ್ಪೂರವಿಟ್ಟು, ಮಿಠಾಯಿ ಭರಣಿ ಬೋರಲು ಹಾಕಿದೆ. ಮೂರು ಗಿಡ ಬಾಡಿಹೋದವು. ನಾಲ್ಕನೆಯದರ ಎಲೆಯಂಚಿಗೆಲ್ಲ ಸೂಜಿಯಂಥ ಹರಳು ಕೂತಿತು. ಅಣ್ಣ ಕಳಿಸಿದ್ದ ಪುಸ್ತಕವೊಂದರಲ್ಲಿ ಚಳಿದೇಶದ ಹಿಮದ ಚಿತ್ರವಿತ್ತು, ಥೇಟ್ ಅದೇ.

ಚಿತ್ರ ತೆಗೆದು, ಹಳೆಯದನ್ನೆಲ್ಲ ಮರೆತವಳಂತೆ ನಗುತ್ತ ಪ್ಲೇಟನ್ನು ಅವನಿಗೇ ಕೊಟ್ಟೆ. ಒಳನಾಡಿನ ಪೆರ್ಲದ ಗುಡ್ಡೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತೆಂದು ಹೇಳಿದೆ. ಹುಟ್ಟಿದಂದಿನಿಂದ ಕಡಲ ಬದಿ ಬಿಟ್ಟು ಅಲ್ಲಾಡದ ಮನುಷ್ಯ, ನಂಬಿದ. ವಾರ ಬಿಟ್ಟು ಹೋದರೆ, ಪ್ಲೇಟಿನಲ್ಲಿ ಎಂತದೂ ಮೂಡಲಿಲ್ಲವೆಂದ. ಛೆ, ಹೋಗಲಿ ಬಿಡಿ ಎಂದು ನಾನೇ ಸಮಾಧಾನ ಹೇಳಿ ಬಂದೆ. ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ.

ಪ್ರದರ್ಶನದ ದಿನ ಬಟ್ಟೆ ಸುತ್ತಿದ ಭರಣಿಯನ್ನು ಎದೆಗವಚಿಕೊಂಡು ಬಂದ್ಯೋಡಿನವರೆಗೆ ನಡೆದು ಬಸ್ಸು ಹತ್ತಿದೆ. ಪ್ರದರ್ಶನದ ಹಾಲಿನಲ್ಲಿ ಹೋದ ವರ್ಷದ ಇಬ್ಬನಿಯ ಪಕ್ಕದಲ್ಲೇ ಹೊಸ ಹಿಮವನ್ನೂ ತೂಗುಹಾಕಿದ್ದರು, ಪೆರ್ಲದ ಗುಡ್ಡೆಯದೆಂದು ಬರೆದು, ಅವನ ಹೆಸರಿನಲ್ಲಿ. ತೀರ್ಪು ಹೇಳಲು ಬಂದ ಹಿರಿಯರು ನೀಲಗಿರಿಯ ಚಹಾ ತೋಟದಲ್ಲಿದ್ದು ನಿಜವಾದ ಹಿಮ ಕಂಡು ಬಂದವರು. ಪೆರ್ಲದಲ್ಲಿ ಹಿಮ ಬೀಳುವುದುಂಟೋ ಎಂದು ಅವರು ಕೇಳಿದರೆ, ಇವನು ತನ್ನ ಕೈಯಾರೆ ತೆಗೆದದ್ದು, ಬೆರಳು ಮರಗಟ್ಟಿತ್ತು ಎಂದು ಎಲ್ಲರ ಎದುರು ಆಣೆ ಹಾಕಿದ.

ನಾನು ಎದ್ದು ಹೋಗಿ ಮೇಜಿನ ಮೇಲೆ ಭರಣಿಯಿಟ್ಟು ಮುಚ್ಚಳ ತೆರೆದೆ. ಚಿತ್ರದಲ್ಲಿದ್ದದ್ದೇ, ಬಿಳಿ ಹಿಡಿದ ತುಂಬೆಗಿಡ. ಹಾಲಿಗೆ ಹಾಲೇ ಮಂಗಳಾರತಿಯ ಹಾಗೆ ಪರಿಮಳಿಸಿತು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅವನ ಮುಖದ ರಕ್ತ ಇಳಿದದ್ದನ್ನು ಕಣ್ತುಂಬ ನೋಡಿದೆ. ಅಷ್ಟು ಸುಖ ನನಗೆ ಮತ್ತೆಂದೂ ಸಿಕ್ಕಿಲ್ಲ.

ಆ ಗದ್ದಲದಲ್ಲೇ, "ಪಕ್ಕದ ಇಬ್ಬನಿಯೂ ನನ್ನದೇ," ಎಂದೆ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ಆ ಚಿತ್ರವನ್ನು ನೋಡಿ, ಮೆಚ್ಚಿಕೊಂಡೇ ಕೇಳಿದರು, "ಹೌದಾ? ಅದನ್ನು ಎಂತದರಲ್ಲಿ ಮಾಡಿದ್ದು? ಗ್ಲಿಸರಿನ್‌ನಲ್ಲಾ?"

ಅಲ್ಲ, ಅದು ನಿಜವಾದ ಇಬ್ಬನಿ, ಪೈವಳಿಕೆಯ ಗದ್ದೆಯದು ಎಂದೆ. ಮತ್ತೊಮ್ಮೆ ನಕ್ಕರು. ನಾನು ಹೇಳಿದಷ್ಟೂ ನಕ್ಕರು. ನನ್ನನ್ನು ಬಿಟ್ಟರೆ ಅದು ನಿಜವೆಂದು ಬಲ್ಲ ಮನುಷ್ಯ ಆ ಹಾಲಿನಲ್ಲಿ ಒಬ್ಬನೇ ಇದ್ದ. ಪ್ಲೇಟು ತೊಳೆದು, ಹನಿಯೊಳಗಿನ ಗುಡ್ಡೆಯನ್ನು ಮೊದಲು ಕಂಡವನು ಅವನೇ. ಎಲ್ಲರೂ ಅವನತ್ತ ತಿರುಗಿದರು.

ಅವನು ನನ್ನನ್ನೇ ನೋಡಿ, "ನನಗೆ ಹೇಗೆ ಗೊತ್ತಾಗುವುದು? ಟೀಚರು ಮಾಡಿದ್ದು. ಎಂತ ಹಾಕಿದರೋ, ಅವರಿಗೇ ಗೊತ್ತು," ಎಂದ.